ಮಂಗಳಾಳ ಮದುವೆಗೆ ಒಂದು ಬರಿಮಾತು

ನಮ್ಮೂರಿನ ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಬಸ್ಸುಗಳ ಹೆಸರು ಕೂಗುವವನು ನಾನು, ಗುರುಮಲ್ಲಪ್ಪ. ನನ್ನ ಹೆಂಡತಿ ಮಂಗಳಾ ನನ್ನನ್ನು ಬಿಟ್ಟು ಹೋದ ಮಾರನೆಯ ಬೆಳಗ್ಗೆ ಎಂದಿನಂತೆ ಹೋಗಿ ಕುರ್ಚಿಯಲ್ಲಿ ಕೂತು, ಮೈಕನ್ನು ಬೆರಳಲ್ಲಿ ತಟ್ಟಿ ನೋಡಿ, 'ಪ್ರಯಾಣಿಕರ ಗಮನಕ್ಕೆ' ಅನ್ನಲು ಬಾಯಿ ತೆರೆದೆ. ಬಂದದ್ದು ಹಾಡು. 'ಪ್ರಯಾಣಿಕರ' ಅನ್ನುವುದು ಮೆಲ್ಲಗೆ ಮೇಲಕ್ಕೆ ಹತ್ತಿತು. 'ಗಮನಕ್ಕೆ' ಅನ್ನುವುದು ಅಲ್ಲೇ ಮೇಲೆ ನಿಂತು, ಅಳುವ ಮಗುವಿನ ಗದ್ದದ ಹಾಗೆ ಸ್ವಲ್ಪ ಹೊತ್ತು ನಡುಗಿ, ಆಮೇಲೆ ಇಳಿಯಲೋ ಬೇಡವೋ ಅನ್ನುತ್ತ ಇಳಿಯಿತು. ನಿಲ್ದಾಣದಲ್ಲಿದ್ದವರೆಲ್ಲ ಒಂದು ಸಲ ಸ್ಪೀಕರಿನ ಕಡೆ ತಲೆಯೆತ್ತಿ ನೋಡಿದರು. ಕಡಲೆಕಾಯಿ ಮಾರುವವಳು, "ಅಯ್ಯೋ ಪಾಪ, ಮಲ್ಲಪ್ಪಣ್ಣಂಗೆ ಹಾಡು ಕೂತ್ಬಿಟ್ಟಿದೆ" ಅಂದು ಮತ್ತೆ ಕಡಲೆಕಾಯಿ ಅಳೆಯತೊಡಗಿದಳು.

ಹಾಡು ಕೂರುವುದು ನಮ್ಮೂರಿಗೆ ಹೊಸದಲ್ಲ. ಮನಸ್ಸು ಮುರಿದವರಿಗೆ ಕೂರುತ್ತದೆ, ಮುರಿದವರನ್ನು ಮನಸಾರೆ ಕ್ಷಮಿಸಿದ ದಿನ ಇಳಿಯುತ್ತದೆ. ಅಲ್ಲಿಯವರೆಗೆ ಏನು ಮಾತಾಡಿದರೂ ಅವರವರ ಒಂದೇ ಧಾಟಿಯಲ್ಲಿ ಬರುತ್ತದೆ. ಅದಕ್ಕೇ ರೇಷನ್ ಅಂಗಡಿಯಲ್ಲಿ ಹಾಡು ಕೂತವರಿಗೆ ಬೇರೆ ಸಾಲು ಇದೆ, ಯಾಕೆಂದರೆ ಅವರು ಅಕ್ಕಿ ಎನ್ನುವಷ್ಟರಲ್ಲಿ ಉಳಿದವರು ಅಕ್ಕಿ ಬೇಯಿಸಿ ಉಂಡಿರುತ್ತಾರೆ. ಹಾಡು ಕೂತವರು ಫೋನಿನಲ್ಲಿದ್ದರೆ ಪಕ್ಕದಲ್ಲಿರುವವರು ಎದ್ದು ಹೋಗುವುದು ಮರ್ಯಾದೆ. ಜಗಳಕ್ಕೆ ಮಾತ್ರ ಅವರನ್ನು ಯಾರೂ ಕರೆಯುವುದಿಲ್ಲ. ಹಾಡಿನಲ್ಲಿ ಬೈದರೆ ಬೈಸಿಕೊಂಡವನಿಗೆ ನಿದ್ದೆ ಬರುತ್ತದೆ.

ನನ್ನ ಹಾಡು ಎಲ್ಲರದಕ್ಕಿಂತ ನಿಧಾನದ್ದು. ಬಸ್ಸು ಹೊರಡುವ ಹೊತ್ತಾದರೂ ನಾನಿನ್ನೂ ಊರಿನ ಹೆಸರಿಗೇ ಬಂದಿರುತ್ತಿರಲಿಲ್ಲ. ಜನ ಬಸ್ಸು ತಪ್ಪಿಸಿಕೊಂಡು ಗಲಾಟೆ ಮಾಡಿದರು. ನಿಲ್ದಾಣದ ಕಂಟ್ರೋಲರ್ ಖಲೀಲ್ ಸಾಹೇಬರು ತಾಳ್ಮೆಯ ಮನುಷ್ಯ. ಒಂದು ಬೆಳಗ್ಗೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಮಲ್ಲಪ್ಪ, ನೀನು ಸ್ವಲ್ಪ ಮುಂಚೆ ಶುರು ಮಾಡು. ನಿನ್ನ ದುಃಖ ಮುಗಿಯೋವರೆಗೂ ಗಾಡಿ ಬಿಡಬೇಡಿ ಅಂತ ಡ್ರೈವರ್‌ಗಳಿಗೆ ಹೇಳ್ತೀನಿ" ಅಂದರು. ಅಂದಿನಿಂದ ಡ್ರೈವರ್‌ಗಳು ನನ್ನ ಸ್ವರ ಮೇಲೆ ಹೋದಾಗ ಬೀಡಿ ಆರಿಸಿ, ಕೆಳಗೆ ಬಂದಾಗ ಗೇರು ಹಾಕುವುದನ್ನು ಕಲಿತರು.

ಸಾಮಾನ್ಯವಾಗಿ ಜನರ ಹಾಡು ಒಂದು ಹಂಗಾಮಿನಲ್ಲಿ ಇಳಿದುಹೋಗುತ್ತದೆ. ನನ್ನದು ಮಾವಿನಕಾಯಿ ಬಂದು ಹೋಗಿ ಮತ್ತೆ ಬಂದರೂ ಇಳಿಯಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಅದನ್ನು ಇಳಿಸುವ ಗೋಜಿಗೆ ಹೋಗಲಿಲ್ಲ. ಮೊದಲು ನನ್ನ ಮುಖ ಕಂಡರೆ 'ಬಸ್ಸು ಎಷ್ಟು ಲೇಟು' ಅಂತ ಮಾತ್ರ ಕೇಳುತ್ತಿದ್ದವರು ಈಗ ಬಸ್ಸಿಲ್ಲದಿದ್ದರೂ ಬಂದು ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದರು. ನಾನು 'ಎರಡನೇ ಪ್ಲಾಟ್‌ಫಾರಂನಲ್ಲಿ ನಿಂತಿದೆ' ಎಂದು ಹಾಡುವಾಗ 'ನಿಂತಿದೆ' ಅನ್ನುವ ಕಡೆ ಹೆಂಗಸರು ಸೆರಗಿನ ತುದಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಅವರಿಗಾಗಿ ನಾನು ಅಲ್ಲಿ ಸ್ವಲ್ಪ ಹೆಚ್ಚಾಗಿಯೇ ಎಳೆಯುತ್ತಿದ್ದೆ. ಕ್ಯಾಂಟೀನಿನವನು ನನ್ನಿಂದ ಕಾಫಿಗೆ ದುಡ್ಡು ತೆಗೆದುಕೊಳ್ಳುವುದನ್ನು ಬಿಟ್ಟ. ಮನಸ್ಸು ಮುರಿದಿದ್ದರಿಂದ ಹೊಟ್ಟೆಗೇನೂ ತೊಂದರೆಯಾಗಿರಲಿಲ್ಲ, ಇನ್ನೊಂದು ವಡೆಯನ್ನೂ ಕೊಡು ಅನ್ನುತ್ತಿದ್ದೆ.

ಮತ್ತೆ ನಾನು ಊರಿಗೆಲ್ಲ ಹೇಳುತ್ತಿದ್ದದ್ದು ಒಂದೇ ವಿಷಯ. ಹೇಳುತ್ತಿದ್ದದ್ದೇನು, ಹಾಡುತ್ತಿದ್ದದ್ದು. ಇಷ್ಟು ವರ್ಷ ಜೊತೆಯಲ್ಲಿ ಬಾಳಿದವಳು, ಅಡುಗೆಮನೆಯಲ್ಲಿ ಹಾಡುತ್ತ ಓಡಾಡಿಕೊಂಡಿದ್ದವಳು, 'ಸಂಗೀತದ ಮನೆಯಪ್ಪ ನಮ್ಮದು' ಎಂದು ನಾನು ಹೆಮ್ಮೆಯಿಂದ ಹೇಳಿಕೊಳ್ಳುವಂತೆ ಮಾಡಿದ್ದವಳು, ಹೋಗುವ ದಿನ ಬಾಗಿಲಲ್ಲಿ ಚೀಲ ಹಿಡಿದು ನಿಂತು, "ನಾನು ಹೋಗ್ತಿದೀನಿ. ಅನ್ನ ಕುಕ್ಕರ್‌ನಲ್ಲಿದೆ, ಬಿಸಿ ಇದೆ" ಅಂದಳು. ಬರಿಮಾತಿನಲ್ಲಿ. ಹಾಡಿನ ಒಂದು ಎಳೆಯಾದರೂ ಬೇಡವೇ. ಹೋದ ಮೇಲೂ ಅವಳು ತನ್ನ ಚಿಕ್ಕಮ್ಮನ ಬೀದಿಯಲ್ಲಿ ಮನೆ ಹಿಡಿದು, ಹಪ್ಪಳ ಮಾಡಿ ಮಾರಿಕೊಂಡು, ಎಲ್ಲರ ಹತ್ತಿರವೂ ಬರಿಮಾತಿನಲ್ಲೇ ವ್ಯವಹಾರ ಮಾಡಿಕೊಂಡಿದ್ದಳು. ಹಾಡು ಕೂತವನು ನೊಂದವನು, ಕೂರದವಳು ನೋಯಿಸಿದವಳು. ಇದಕ್ಕಿಂತ ಸಾಕ್ಷಿ ಬೇಕೇ ಅಂತ ನಾನು ಕೇಳುತ್ತಿದ್ದೆ. ಬೇಡ ಅಂತ ಊರು ತಲೆಯಾಡಿಸುತ್ತಿತ್ತು. ಖಲೀಲ್ ಸಾಹೇಬರೊಬ್ಬರು ಮಾತ್ರ, "ಮಂಗಳಮ್ಮನ ವಿಷಯ ಅಷ್ಟೆಲ್ಲ ಆಡಬೇಡಪ್ಪ" ಅನ್ನುತ್ತಿದ್ದರು. ಹಿಂದೆ ಒಂದು ಸಲ ನಮ್ಮ ಮನೆಗೆ ಊಟಕ್ಕೆ ಬಂದವರು ಅರ್ಧ ಎಲೆ ಬಿಟ್ಟು ಎದ್ದು ಹೋಗಿ, ಮತ್ತೆ ಎಷ್ಟು ಕರೆದರೂ ಬಂದಿರಲಿಲ್ಲ. ನನ್ನ ಸಂಸಾರ ನೋಡಿ ಅವರಿಗೆ ಹೊಟ್ಟೆಕಿಚ್ಚು ಎಂದು ನಾನು ತೀರ್ಮಾನ ಮಾಡಿಕೊಂಡಿದ್ದೆ.

ಹೀಗೆ ನನ್ನ ದುಃಖ ಚೆನ್ನಾಗಿ ನಡೆದುಕೊಂಡು ಹೋಗುತ್ತಿರುವಾಗ ಒಂದು ದಿನ ಶಾಂತರಾಜು ಬಂದ. ಪೇಟೆಬೀದಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿರುವವನು. ಹೆಸರು ಶಾಂತರಾಜು, ಆದರೆ ಹುಟ್ಟಿದಾಗಿನಿಂದ ಗಿರಣಿಯ ಸದ್ದಿನಲ್ಲಿ ಬೆಳೆದವನಾದ್ದರಿಂದ ಗುಟ್ಟು ಹೇಳಿದರೂ ಪಕ್ಕದ ಬೀದಿಗೆ ಕೇಳುತ್ತದೆ. ಹುಬ್ಬಿನ ಮೇಲೆಲ್ಲ ಹಿಟ್ಟು ಮೆತ್ತಿಕೊಂಡು ಬಂದು ನನ್ನ ಕಿಟಕಿಯ ಮುಂದೆ ಕೈ ಜೋಡಿಸಿದ.

"ಗುರುಮಲ್ಲಪ್ಪನೋರೆ, ನಾನೂ ಮಂಗಳಾನೂ ಮದುವೆ ಆಗೋಣ ಅಂತಿದೀವಿ. ಉದ್ದು ಬೀಸೋಕೆ ಬರ್ತಿದ್ರಲ್ಲ, ಹಂಗೇ ಪರಿಚಯ. ತಾವು ಬಂದು ಒಂದು ಬರಿಮಾತು ಆಡ್ಕೊಡಬೇಕು."

ನನ್ನ ಮುಂದಿದ್ದ ಮೈಕು ಆನ್ ಆಗಿತ್ತು. ಇಡೀ ನಿಲ್ದಾಣಕ್ಕೆ ಕೇಳಿಸಿತು. ಮೈಕಿಲ್ಲದಿದ್ದರೂ ಕೇಳಿಸುತ್ತಿತ್ತು ಅನ್ನಿ.

ನಮ್ಮಲ್ಲಿ ಬಿಟ್ಟವರು ಮತ್ತೆ ಮದುವೆಯಾಗುವುದಾದರೆ ಮೊದಲಿನವರು ಚಪ್ಪರದಲ್ಲಿ ಹಿರಿಯರ ಮುಂದೆ ನಿಂತು, ಹಾಡಿಲ್ಲದ ಒಂದು ಮಾತು ಆಡಬೇಕು. ಯಾವ ಮಾತಾದರೂ ನಡೆಯುತ್ತದೆ. 'ಬಿಸಿಲು ಜಾಸ್ತಿ' ಅಂದರೂ ಆಯಿತು, 'ಊಟ ಮಾಡ್ಕೊಂಡೇ ಹೋಗ್ತೀನಿ' ಅಂದರೂ ಆಯಿತು. ಬಹಳ ಜನ ಅದನ್ನೇ ಅನ್ನುತ್ತಾರೆ. ಆದರೆ ಅದು ಹಾಡಾಗಿ ಬಂದರೆ ಹಿರಿಯರು ಎದ್ದುಬಿಡುತ್ತಾರೆ, ತಾಳಿ ತಟ್ಟೆಯಲ್ಲೇ ಉಳಿಯುತ್ತದೆ. ಒಬ್ಬರ ಹಾಡಿನ ಮೇಲೆ ಇನ್ನೊಬ್ಬರ ಒಲೆ ಹಚ್ಚಬಾರದು ಅಂತ ಮೊದಲಿನಿಂದ ಬಂದ ಕಟ್ಟಳೆ.

ಸುತ್ತ ನಿಂತವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಅಂಥ ಹೊತ್ತಿನಲ್ಲಿ ಸಣ್ಣವನಾಗಲು ನನ್ನಿಂದ ಆಗುವುದಿಲ್ಲ. ಎದೆಯ ಮೇಲೆ ಕೈಯಿಟ್ಟು, "ಬರ್ತೀನಿ, ಖಂಡಿತ ಬಂದು ಆಡ್ತೀನಿ" ಎಂದು ಹಾಡಿದೆ. ಕಡಲೆಕಾಯಿಯವಳು ಮೂಗು ಒರೆಸಿಕೊಂಡಳು. ಶಾಂತರಾಜು ಮಾತ್ರ ನನ್ನ ಬಾಯನ್ನೇ ನೋಡುತ್ತ, "ಅಷ್ಟ್ರಲ್ಲಿ ಇಳೀತದಲ್ವಾ?" ಅಂದ.

ಇಳಿಯದೆ ಏನು, ಕ್ಷಮಿಸಿದರೆ ಇಳಿಯುತ್ತದೆ. ಕ್ಷಮಿಸುವುದು ಎಷ್ಟು ಹೊತ್ತಿನ ಕೆಲಸ. ಮನೆಗೆ ಹೋದವನೇ ಮುಖ ತೊಳೆದು, ಕನ್ನಡಿಯ ಮುಂದೆ ನಿಂತು, "ಮಂಗಳಾ, ನಿನ್ನನ್ನ ಕ್ಷಮಿಸಿದೀನಿ" ಅಂದೆ. ಮೊದಲಿಗಿಂತ ತುಂಬಿಕೊಂಡು ಬಂತು ಹಾಡು. ಕೊನೆಯಲ್ಲಿ ಒಂದು ಹೊಸ ತಿರುವು ಕೂಡ ಹುಟ್ಟಿಕೊಂಡಿತು. ಬಹುಶಃ ಮನೆಯೊಳಗೆ, ಯಾರೂ ಇಲ್ಲದ ಕಡೆ ಕ್ಷಮಿಸಿದರೆ ಅದು ಲೆಕ್ಕಕ್ಕಿಲ್ಲವೇನೋ ಅನ್ನಿಸಿತು. ಮಾರನೆಯ ದಿನ ಮೈಸೂರು ಪಾಕು ತಂದು ಕ್ಯಾಂಟೀನಿನಲ್ಲಿ ಎಲ್ಲರಿಗೂ ಹಂಚಿ, ಎಲ್ಲರ ಮುಂದೆ ಕ್ಷಮಿಸಿದೆ. ಜನ ಚಪ್ಪಾಳೆ ತಟ್ಟಿದರು. ಹಾಡು ಇನ್ನೊಂದು ಮೆಟ್ಟಿಲು ಮೇಲೇರಿತು. ಅಂದು ಸಂಜೆಯ ಕೊನೆಯ ಬಸ್ಸು ಹೊರಟದ್ದು ಬಹಳ ತಡವಾಗಿ.

ನನ್ನ ಅಕ್ಕ ನೀಲಕ್ಕ, ಮಂಗಳಾ ಹೋದ ಮೇಲೆ ನನಗೆ ಅಡುಗೆ ಮಾಡಿಹಾಕಲು ಬಂದು ನಿಂತವಳು. ಅವಳ ನಾಲಿಗೆಗೂ ಕೈಗೂ ಉಪ್ಪು ಖಾರ ಯಾವಾಗಲೂ ಮುಂದು. ಉಳಿದ ಮೈಸೂರು ಪಾಕನ್ನು ಡಬ್ಬಿಗೆ ಹಾಕುತ್ತ ಅಂದಳು. "ಲೋ ಗುರು, ನೀನು ಕ್ಷಮಿಸ್ತಾ ಇಲ್ಲ ಕಣೋ. ಸನ್ಮಾನ ಮಾಡಿಸ್ಕೊಳ್ತಾ ಇದೀಯ."

ನನಗೆ ಸಿಟ್ಟು ಬಂತು. ಹಾಡಿನಲ್ಲಿ ಬೈದೆ. ಅವಳು ಆಕಳಿಸಿ ಮಲಗಲು ಹೋದಳು.

ಮದುವೆಯ ದಿನ ಬಂದೇಬಿಟ್ಟಿತು. ಹಾಡು ಇಳಿದಿರಲಿಲ್ಲ, ಆದರೆ ನಾನೊಂದು ಉಪಾಯ ಮಾಡಿಕೊಂಡಿದ್ದೆ. ಉದ್ದ ಮಾತು ಆಡಿದರೆ ತಾನೇ ಹಾಡಿಗೆ ಜಾಗ. ಬರೀ 'ಹ್ಞೂಂ' ಅಂದುಬಿಟ್ಟರೆ? ಅದರೊಳಗೆ ಯಾವ ಹಾಡು ಹಿಡಿಸುತ್ತದೆ? ಗರಿಗರಿ ಪಂಚೆಯುಟ್ಟು ಚಪ್ಪರಕ್ಕೆ ಹೋದೆ. ಹಿರಿಯರ ಸಾಲಿನ ನಡುವೆ ತಾಯಮ್ಮಜ್ಜಿ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಊರಿನ ಬರಿಮಾತುಗಳನ್ನೆಲ್ಲ ಕೇಳಿ ತೀರ್ಪು ಕೊಡುವವಳು ಅವಳು. ಅವಳ ಕಿವಿಗೆ ಹಾಡಿನ ಕೂದಲೆಳೆ ಕೂಡ ತಪ್ಪಿಸಿಕೊಳ್ಳುವುದಿಲ್ಲ. ಮಂಗಳಾ ಹಸಿರು ಸೀರೆಯಲ್ಲಿ ಹಸೆಯ ಮೇಲೆ ಕೂತಿದ್ದಳು. ಸ್ವಲ್ಪ ತೆಳ್ಳಗಾಗಿದ್ದಳು, ಅದು ಅವಳಿಗೆ ಒಪ್ಪಿತ್ತು. ಅದೂ ನನಗೆ ಹಿಡಿಸಲಿಲ್ಲ.

"ಏನಪ್ಪಾ, ಮಾತಾಡ್ತೀಯಾ?" ಅಂದಳು ಅಜ್ಜಿ.

"ಹ್ಞೂಂ" ಅಂದೆ.

ಅದು ಕೆಳಗೆ ಶುರುವಾಯಿತು. ಮೇಲೆ ಹೋಯಿತು. ಮೇಲೆ ನಿಂತು ನಡುಗಿತು. ನಾನು ಬಾಯಿ ಮುಚ್ಚಿಕೊಂಡೇ ಇದ್ದೆ, ಅದು ಮೂಗಿನಿಂದ ಹರಿಯುತ್ತಲೇ ಇತ್ತು. ಅಂಗೈಯಲ್ಲಿ ಮೂಗು ಒತ್ತಿ ಹಿಡಿದೆ, ಕಿವಿಯಲ್ಲಾದರೂ ಬಂದೀತು ಅನ್ನುವಷ್ಟು ಒತ್ತಿಕೊಂಡು ಬಂತು. ಕೊನೆಯ ಹೊಸ ತಿರುವನ್ನೂ ಮುಗಿಸಿ, ನಿಧಾನಕ್ಕೆ ಕೆಳಗಿಳಿದು ನಿಂತಿತು. ಓಲಗದವರು ಸಹ ತಮ್ಮ ವಾದ್ಯ ಕೆಳಗಿಟ್ಟು ಕೇಳಿಸಿಕೊಂಡರು. ತಾಯಮ್ಮಜ್ಜಿ ಕಣ್ಣು ಬಿಟ್ಟು, ಕೋಲು ಊರಿ ಎದ್ದಳು. ಉಳಿದ ಹಿರಿಯರೂ ಎದ್ದರು. ಪುರೋಹಿತರು ತಾಳಿಯ ತಟ್ಟೆಯ ಮೇಲೆ ವಸ್ತ್ರ ಮುಚ್ಚಿದರು.

ಶಾಂತರಾಜು ತಲೆ ತಗ್ಗಿಸಿ ಕೂತ. ಅವನು ಸುಮ್ಮನಿದ್ದದ್ದನ್ನು ಊರು ನೋಡಿದ್ದು ಅದೇ ಮೊದಲು. ಮಂಗಳಾ ಎದ್ದು ಬಂದು ನನ್ನ ಮುಂದೆ ನಿಂತಳು. "ಪರವಾಗಿಲ್ಲ. ಇನ್ನೊಂದು ದಿನ ನೋಡೋಣ. ಊಟ ಮಾಡ್ಕೊಂಡು ಹೋಗಿ" ಅಂದಳು. ಅದೂ ಬರಿಮಾತಿನಲ್ಲಿ. ನನಗೆ ಒಳಗೊಳಗೇ ಒಂದು ಚೂರು ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಅವಳ ಆ ತಣ್ಣಗಿನ ಮಾತು ಕೇಳಿ ಅದೂ ಹೋಯಿತು. ಮದುವೆ ನಿಂತರೂ ಇವಳಿಗೆ ಹಾಡು ಕೂರುವುದಿಲ್ಲವಲ್ಲ, ಇದೆಂಥ ಹೆಂಗಸು ಅಂದುಕೊಂಡೆ.

ಹಿರಿಯರು ಇನ್ನೊಂದು ದಿನ ಗೊತ್ತು ಮಾಡಿಕೊಟ್ಟರು. ಆದರೆ ಆ ಸಲವೂ ತಪ್ಪಿದರೆ ಈ ಸಂಬಂಧವನ್ನು ಕೈಬಿಡಬೇಕು ಎಂದು ತಾಯಮ್ಮಜ್ಜಿ ಖಡಾಖಂಡಿತವಾಗಿ ಹೇಳಿದಳು. ಊರಿನವರ ಧಾಟಿಯೂ ಬದಲಾಯಿತು. ಕ್ಯಾಂಟೀನಿನವನು ಕಾಫಿಗೆ ದುಡ್ಡು ಕೇಳತೊಡಗಿದ. ಕಡಲೆಕಾಯಿಯವಳು ನನ್ನ ಕಡೆ ನೋಡಿ, "ಒಬ್ಬರ ಬದುಕು ಇವ್ನ ಗಂಟಲಲ್ಲಿ ಸಿಕ್ಕಾಕ್ಕೊಂಡಿದೆ ನೋಡು" ಅಂದಳು. ಬೆಂಚಿನ ಮೇಲೆ ಕೂರುತ್ತಿದ್ದವರು ಮತ್ತೆ ಬಸ್ಸಿಗೆ ಮಾತ್ರ ಬರತೊಡಗಿದರು.

ಆಗ ನನಗೆ ಹೊಳೆಯಿತು. ತಪ್ಪು ನನ್ನದಲ್ಲ. ಅವಳು ನನ್ನ ಹತ್ತಿರ ಬಂದು ಕ್ಷಮೆ ಕೇಳಿಯೇ ಇಲ್ಲ. ಕೇಳದವರಿಗೆ ಕೊಡುವುದು ಹೇಗೆ? ಇಷ್ಟು ಸರಳವಾದದ್ದು ಮೊದಲೇ ಹೊಳೆಯಲಿಲ್ಲವಲ್ಲ ಎಂದು ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡು, ರಜೆ ಹಾಕಿ, ಮಂಗಳಾಳ ಮನೆಗೆ ಹೋದೆ.

ಅವಳು ಮಹಡಿಯ ಮೇಲೆ ಬಿಸಿಲಲ್ಲಿ ಹಪ್ಪಳ ಹರಡುತ್ತಿದ್ದಳು. ನನ್ನನ್ನು ನೋಡಿ ಆಶ್ಚರ್ಯವೇನೂ ಪಡದೆ, "ಬಂದ್ರಾ? ಆ ಬಟ್ಟೆಯ ತುದಿ ಸ್ವಲ್ಪ ಹಿಡ್ಕೊಳ್ಳಿ, ಗಾಳಿಗೆ ಮಡಚ್ಕೊಳ್ತಿದೆ" ಅಂದಳು. ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತೆ. ಕ್ಷಮೆ ಕೇಳಿಸಿಕೊಳ್ಳಲು ಬಂದವನಿಗೆ ಅದು ತಕ್ಕ ಭಂಗಿಯಲ್ಲ, ಆದರೆ ಬಟ್ಟೆ ಬಿಟ್ಟರೆ ಹಪ್ಪಳ ಹಾರುತ್ತಿತ್ತು. ಹಾಗೇ ಕೂತು ನನ್ನ ಅಹವಾಲನ್ನೆಲ್ಲ ಹಾಡಿದೆ. ನನಗೆ ಹೀಗೆ ಹಾಡು ಕೂತಿದೆ, ನಿನಗೆ ಒಂದು ಹನಿಯೂ ಇಲ್ಲ, ನಿನ್ನದು ಕಲ್ಲೋ ಎದೆಯೋ, ಒಂದು ಸಲ ತಪ್ಪಾಯಿತು ಅಂದರೆ ಇಬ್ಬರಿಗೂ ಬಿಡುಗಡೆ ಆಗುತ್ತಿತ್ತು. ಬಿಸಿಲು ಹಪ್ಪಳದ ಮೇಲಿಂದ ನನ್ನ ಬೆನ್ನಿಗೆ ಬಂತು, ಹಾಡು ಮುಗಿಯಿತು.

ಮಂಗಳಾ ಕೈಯಲ್ಲಿದ್ದ ಹಪ್ಪಳವನ್ನು ಹರಡಿ, ಕೈ ಒರೆಸಿಕೊಂಡು, ನನ್ನ ಎದುರು ಕೂತಳು.

"ನಂಗೆ ಹಾಡು ಕೂತಿರಲಿಲ್ಲ ಅಂತ ಯಾರು ಹೇಳಿದ್ದು ನಿಮಗೆ?"

"ಹೋಗೋ ದಿನ ಬರಿಮಾತಲ್ಲೇ..." ಎಂದು ಶುರು ಮಾಡಿದೆ.

"ಹೋಗೋ ದಿನ ಅಲ್ಲ. ಅದಕ್ಕೂ ಮುಂಚೆ. ನಮ್ಮಮ್ಮ ಹೋದ ಮೇಲೆ ನಿಮ್ಮನೇಲಿ ನಾನು ಮಾತಾಡಿದ್ದು ಯಾವತ್ತಾದ್ರೂ ಕೇಳಿದೀರಾ?"

ಅವಳಮ್ಮ ಹೋದ ದಿನವನ್ನು ನೆನಪು ಮಾಡಿಕೊಂಡೆ.

ಅವಳ ತಾಯಿ ತೀರಿಕೊಂಡ ಸುದ್ದಿ ಬಂದದ್ದು ಬಸ್ ನಿಲ್ದಾಣದ ಫೋನಿಗೆ. ಮಂಗಳಾ ಉದ್ದಿನಬೇಳೆ ತರಲು ನಿಲ್ದಾಣದ ಹಿಂದಿನ ಪೇಟೆಗೇ ಹೋಗಿದ್ದಳು, ನಡೆದರೆ ಅಲ್ಲೇ ಸಿಗುತ್ತಿದ್ದಳು. ನನ್ನ ಕೈಯಲ್ಲಿ ಮೈಕಿತ್ತು. ನಾನು ಮೈಕನ್ನೇ ಹಿಡಿದೆ. 'ಪ್ರಯಾಣಿಕರ ಗಮನಕ್ಕೆ. ಈ ನಿಲ್ದಾಣದ ಗುರುಮಲ್ಲಪ್ಪನವರ ಅತ್ತೆಯವರು ಇಂದು ಬೆಳಗ್ಗೆ ದೈವಾಧೀನರಾದರೆಂದು ತಿಳಿಸಲು ವಿಷಾದಿಸುತ್ತೇವೆ. ಶ್ರೀಮತಿ ಮಂಗಳಾ ಅವರು ಎಲ್ಲಿದ್ದರೂ ಮೂರನೇ ಪ್ಲಾಟ್‌ಫಾರಂಗೆ ಬರಬೇಕು.' ನನ್ನ ಹೆಸರನ್ನೇ ಮೊದಲು ಹಾಕಿದ್ದೆ. ವಿಷಾದದ ಹತ್ತಿರ ತಕ್ಕಷ್ಟು ಹೊತ್ತು ನಿಲ್ಲಿಸಿದ್ದೆ ಕೂಡ. ಅವಳಿಗಾಗಿ ಒಂದು ಬಸ್ಸನ್ನೇ ತಡೆದು ನಿಲ್ಲಿಸಿದ್ದೆ ಎಂದು ಬಹಳ ದಿನ ಹೇಳಿಕೊಂಡು ತಿರುಗಿದ್ದೆ.

"ಅಂಗಡಿಯವನು ಬೇಳೆ ಕಟ್ತಾ ಇದ್ದ. ಅವನ ಕೈ ನಿಂತುಹೋಯ್ತು" ಅಂದಳು ಮಂಗಳಾ. "ಪೇಟೆಯವರೆಲ್ಲ ನನ್ನ ಕಡೆ ತಿರುಗಿ ನೋಡಿದ್ರು. ಅಮ್ಮ ಹೋದ್ಲು ಅಂತ ನಂಗೆ ತಿಳಿಯೋಷ್ಟರಲ್ಲಿ ಅವ್ರಿಗೆಲ್ಲ ತಿಳಿದಿತ್ತು. ಕಾರ್ಯ ಎಲ್ಲ ಮುಗಿಸ್ಕೊಂಡು ಮನೆಗೆ ಬಂದ ದಿನ ನೀವು ಏನು ಕೇಳಿದ್ರಿ, ಜ್ಞಾಪಕ ಇದೆಯಾ? 'ಅವತ್ತು ಪೇಟೆವರೆಗೂ ಚೆನ್ನಾಗಿ ಕೇಳಿಸ್ತಾ' ಅಂತ ಕೇಳಿದ್ರಿ."

ಜ್ಞಾಪಕ ಇತ್ತು. ಆಗ ತಾನೆ ಹೊಸ ಸ್ಪೀಕರು ಹಾಕಿದ್ದರು.

"ಅದಕ್ಕೆ ಉತ್ತರ ಹೇಳೋಕೆ ಬಾಯಿ ಬಿಟ್ಟೆ, ಹಾಡು ಬಂತು. ನೀವು, 'ಭೇಷ್, ದುಃಖ ಬೇಗ ಮರೆತೆ ಕಣೆ' ಅಂದ್ರಿ."

ನನ್ನ ಕೈಯಲ್ಲಿದ್ದ ಬಟ್ಟೆಯ ತುದಿ ಗಾಳಿಗೆ ಪಟಪಟ ಅನ್ನುತ್ತಿತ್ತು. ಒಂದೊಂದೇ ನೆನಪಾಗತೊಡಗಿತು. ಅಡುಗೆಮನೆಯಿಂದ ಬರುತ್ತಿದ್ದ ಆ ಸಣ್ಣ ಧಾಟಿ, ಯಾವಾಗಲೂ ಒಂದೇ ಧಾಟಿ. 'ಗ್ಯಾಸು ಮುಗಿದಿದೆ' ಎಂದು ಹಾಡುವಳು. 'ಉಪ್ಪು ಸಾಕಾ' ಎಂದು ಹಾಡುವಳು. ಒಮ್ಮೆ ಕಂಬಳಿ ಹೊದ್ದುಕೊಂಡು 'ಜ್ವರ ಬಂದಿದೆ' ಎಂದೂ ಹಾಡಿದ್ದಳು. ನಮ್ಮ ಮನೆಯಲ್ಲಿ ಜ್ವರ ಕೂಡ ರಾಗವಾಗಿಯೇ ಬರುತ್ತದೆ ಎಂದು ನಾನು ಡಿಪೋದಲ್ಲಿ ಹೇಳಿ ನಗಿಸಿದ್ದೆ. ಹಾಡು ಕೂತವರ ಊರಿನಲ್ಲೇ ಹುಟ್ಟಿ ಬೆಳೆದವನು ನಾನು, ಬೀದಿಯ ಆ ತುದಿಯಲ್ಲಿ ಒಬ್ಬರು ಕೆಮ್ಮಿದರೂ ಹಾಡು ಕೂತಿದೆಯೋ ಇಲ್ಲವೋ ಹೇಳಬಲ್ಲವನು. ನನ್ನ ಎಲೆಗೆ ಬಡಿಸುವವಳಿಗೆ ಕೂತದ್ದು ತಿಳಿಯಲಿಲ್ಲ. ನನ್ನಿಂದ ಒಬ್ಬರಿಗೆ ಹಾಡು ಕೂರಲು ಸಾಧ್ಯ ಅನ್ನುವುದೇ ನನ್ನ ತಲೆಗೆ ಬಂದಿರಲಿಲ್ಲ.

"ಯಾಕೆ ಹೇಳಲಿಲ್ಲ?" ಎಂದು ಹಾಡಿದೆ. ಮೊದಲ ಸಲ ಆ ಎಳೆತ ನನಗೇ ಅಸಹ್ಯವಾಯಿತು.

"ಹೇಳಿದ್ನಲ್ಲ. ದಿನಾ ಹೇಳಿದೆ. ನೀವು ತಾಳ ಹಾಕಿದ್ರಿ."

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಹೋದ ವರ್ಷದ ಮಳೆಯ ಬಗ್ಗೆ ಹೇಳುವವರ ಹಾಗೆ ಹೇಳಿದಳು. ಹಪ್ಪಳವೊಂದನ್ನು ತಿರುಗಿಸಿ ಹಾಕಿ, ಮುಂದುವರಿಸಿದಳು. "ಬೀದಿಯಲ್ಲಿ ಯಾರಿಗೂ ತಿಳೀಬಾರದು ಅಂತ ಹೊರಗಡೆ ಬಾಯೇ ಬಿಡ್ತಿರಲಿಲ್ಲ, ಗಂಟಲು ನೋವು ಅಂತಿದ್ದೆ. ನಿಮ್ಮ ಮರ್ಯಾದೆ ಅಲ್ವಾ. ಮನೇಲಿ ಉಪ್ಪು ಸಾಕಾ ಅಂತ ಕೇಳಿದ್ರೆ 'ಇನ್ನೊಂದ್ಸಲ ಹಾಡು' ಅಂತಿದ್ರಿ. ಸಾಕು ಅಂತಾನೋ ಬೇಡ ಅಂತಾನೋ ಒಂದು ದಿನಾನೂ ಹೇಳಲಿಲ್ಲ. ನನ್ನ ಹುಳಿಗೆ ಉಪ್ಪು ಸರಿಯಾಗಿತ್ತೋ ಇಲ್ವೋ ನಂಗೆ ಇವತ್ತಿಗೂ ಗೊತ್ತಿಲ್ಲ."

"ಮತ್ತೆ... ಯಾವಾಗ ಇಳೀತು?"

"ಒಂದು ದಿನ ಬೆಳಗ್ಗೆ. ನೀವು ಪೇಪರ್ ಓದ್ತಾ ಕೂತಿದ್ರಿ. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕ್ಕೊಂಡಿದ್ರಿ. ಬಸ್ಸಿನ ಹೆಸರು ಕೂಗೋದೊಂದು ಬಿಟ್ರೆ ಈ ಮನುಷ್ಯಂಗೆ ಇನ್ನೇನೂ ಬರಲ್ಲ, ಪಾಪ ಅನ್ನಿಸ್ತು. 'ರೀ, ಗುಂಡಿ ಸರಿ ಮಾಡ್ಕೊಳ್ಳಿ' ಅಂದೆ. ಬರಿಮಾತಾಗಿ ಬಂತು. ನಂಗೇ ನಂಬೋಕಾಗಲಿಲ್ಲ. ಹಿತ್ತಲಿಗೆ ಹೋಗಿ ಅತ್ತೆ. ಕ್ಷಮಿಸೋವರೆಗೂ ಅಲ್ಲಿರೋಕೆ ಒಂದು ಕಾರಣ ಇತ್ತು, ಸಿಟ್ಟಿತ್ತಲ್ಲ. ಆಮೇಲೆ ಅದೂ ಇರಲಿಲ್ಲ. ಅದಕ್ಕೆ ಹೊರಟೆ."

ಆ ಬೆಳಗ್ಗೆಯೂ ನನಗೆ ನೆನಪಿದೆ. 'ಯಾಕೆ, ಇವತ್ತು ಹಾಡೋ ಮನಸ್ಸಿಲ್ವಾ' ಎಂದು ಕೇಳಿ ಪೇಪರ್ ತಿರುವಿದ್ದೆ.

ಮೆಟ್ಟಿಲಿಳಿದು ಬಂದೆ. ಅವಳು ಹಿಂದಿನಿಂದ, "ಮದುವೆ ದಿನ ಬನ್ನಿ. ಆದ್ರೆ ಆಗುತ್ತೆ, ಇಲ್ದಿದ್ರೆ ಇಲ್ಲ" ಅಂದಳು. ಅಷ್ಟು ಹೇಳುವಾಗ ಮಾತ್ರ ಅವಳ ದನಿ ಸ್ವಲ್ಪ ಒಡೆಯಿತು. ಅವಳಿಗೆ ಆ ಗಿರಣಿಯವನು ಬೇಕಾಗಿದ್ದಾನೆ ಅನ್ನುವುದು ಆಗ ನನಗೆ ತಿಳಿಯಿತು. ಇಷ್ಟು ದಿನ ನಾನು ಅದನ್ನು ನನಗಾಗುತ್ತಿರುವ ಅನ್ಯಾಯ ಅಂತ ಮಾತ್ರ ಎಣಿಸಿದ್ದೆ.

ಅಂದಿನಿಂದ ನಾನು ಮಾತಾಡುವುದನ್ನೇ ಬಿಟ್ಟೆ. ಬಾಯಿ ತೆರೆದರೆ ಏನು ಬರುತ್ತದೋ ಅನ್ನುವ ಭಯ. ಹಾಡು ಇಳಿದಿದೆಯೋ ಇಲ್ಲವೋ ಪರೀಕ್ಷೆ ಮಾಡಿ ನೋಡುವ ಧೈರ್ಯವೂ ಇರಲಿಲ್ಲ. ನಿಲ್ದಾಣದಲ್ಲಿ ಖಲೀಲ್ ಸಾಹೇಬರೇ ಮೈಕು ಹಿಡಿದರು. ನಾನು ಪಕ್ಕದಲ್ಲಿ ಕೂತು ಬಸ್ಸಿನ ನಂಬರು ತೋರಿಸುತ್ತಿದ್ದೆ. ಒಂದು ಮಧ್ಯಾಹ್ನ ಅವರು ನನ್ನ ಮುಖ ನೋಡಿ, "ತಿಳೀತಾ?" ಅಂದರು. ತಲೆಯಾಡಿಸಿದೆ. "ಅವತ್ತು ನಿಮ್ಮನೇಲಿ ಊಟಕ್ಕೆ ಕೂತಾಗಲೇ ನಂಗೆ ತಿಳೀತು. ಆಯಮ್ಮ ಹಾಡ್ತಾ ಬಡಿಸ್ತಿದ್ರೆ ನೀನು ತಾಳ ಹಾಕ್ತಿದ್ದೆ. ತುತ್ತು ಗಂಟಲಲ್ಲಿ ಇಳೀಲಿಲ್ಲಪ್ಪ. ಗಂಡ ಹೆಂಡ್ತಿ ವಿಷಯ, ನಾನೇನು ಹೇಳಲಿ" ಎಂದು ಮುಖ ಆ ಕಡೆ ತಿರುಗಿಸಿಕೊಂಡರು. ಅವರದು ಹೊಟ್ಟೆಕಿಚ್ಚು ಅಂದುಕೊಂಡಿದ್ದವನು ನಾನೇ.

ಬಾಯಿ ಮುಚ್ಚಿಕೊಂಡಿದ್ದರಿಂದ ಒಂದು ಉಪಯೋಗವಾಯಿತು, ಬೇರೆಯವರ ಮಾತು ಕೇಳಿಸತೊಡಗಿತು. ನೀಲಕ್ಕ ಮಾತಿನ ನಡುವೆ ಎಷ್ಟೊಂದು ಪ್ರಶ್ನೆ ಕೇಳುತ್ತಾಳೆ, ಯಾವುದಕ್ಕೂ ಉತ್ತರಕ್ಕೆ ಕಾಯುವುದಿಲ್ಲ ಅನ್ನುವುದು ಗೊತ್ತಾಯಿತು. ನನ್ನ ಜೊತೆ ಬೆಳೆದದ್ದರಿಂದ ಬಂದ ಅಭ್ಯಾಸ ಇರಬೇಕು. ಮದುವೆಯ ಹಿಂದಿನ ದಿನ ಅವಳು ಹುಳಿ ಬಡಿಸಿದಳು. ಎಂದಿನಂತೆ ಉಪ್ಪು ಜಾಸ್ತಿಯಾಗಿತ್ತು. ತುತ್ತು ಬಾಯಿಗಿಟ್ಟವನಿಗೆ ಮಂಗಳಾಳ ಹುಳಿಯ ರುಚಿ ಇದ್ದಕ್ಕಿದ್ದಂತೆ ನಾಲಿಗೆಗೆ ಬಂತು. ಎಷ್ಟೋ ವರ್ಷ ಉಂಡು, ಒಂದು ದಿನವೂ ಗಮನಿಸದ ರುಚಿ. ಎಲೆಯ ಮುಂದೆ ಕೂತು ಅತ್ತೆ. ಖಾರ ಹತ್ತಿರಬೇಕೆಂದು ನೀಲಕ್ಕ ನೀರಿನ ಲೋಟ ಮುಂದಿಟ್ಟಳು.

ಮದುವೆಯ ದಿನ ಚಪ್ಪರದಲ್ಲಿ ಜನ ಕಿಕ್ಕಿರಿದಿದ್ದರು. ಅರ್ಧ ಜನ ಮದುವೆಗೆ ಬಂದವರು, ಉಳಿದರ್ಧ ಜನ 'ಹ್ಞೂಂ' ಮತ್ತೆ ಕೇಳಲು ಬಂದವರು. ಶಾಂತರಾಜು ಪೇಟ ಕಟ್ಟಿಕೊಂಡು ಬೆವರುತ್ತಿದ್ದ. ನನ್ನನ್ನು ನೋಡಿ ಪಿಸುಗುಟ್ಟಿದ, "ನಿಧಾನಕ್ಕೆ ಆಡಿ, ಅವಸರ ಇಲ್ಲ." ಅದು ಅಡುಗೆಯವರಿಗೂ ಕೇಳಿಸಿ, ಅವರು ಒಲೆಯ ಉರಿ ತಗ್ಗಿಸಿದರು. ಮಂಗಳಾ ತಲೆಯೆತ್ತಲಿಲ್ಲ. ಹಸೆಯ ಮೇಲೆ ಕೂತು ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ನನ್ನ ಹತ್ತಿರ ಈ ಸಲ ಉಪಾಯವೇನೂ ಇರಲಿಲ್ಲ. 'ಊಟ ಮಾಡ್ಕೊಂಡೇ ಹೋಗ್ತೀನಿ' ಅಂದುಬಿಡೋಣ ಅಂದುಕೊಂಡೇ ಬಂದಿದ್ದೆ. ಅವಳನ್ನು ಕ್ಷಮಿಸಲು ನನ್ನ ಹತ್ತಿರ ಕಾರಣವೇ ಉಳಿದಿರಲಿಲ್ಲ. ಕ್ಷಮೆ ಕೇಳೋಣವೆಂದರೆ ಅವಳು ಅದನ್ನು ಎಂದೋ ಕೊಟ್ಟು ಮುಗಿಸಿದ್ದಳು. ಖಾಲಿ ಕೈಯಲ್ಲಿ ಮದುವೆಮನೆಗೆ ಬಂದವನ ಹಾಗೆ ನಿಂತಿದ್ದೆ.

ತಾಯಮ್ಮಜ್ಜಿ ಕಣ್ಣು ಮುಚ್ಚಿದಳು. "ಆಡಪ್ಪಾ."

ಬಾಯಿ ತೆರೆದೆ.

"ಉಪ್ಪು ಸರಿಯಾಗಿತ್ತು, ಮಂಗಳಾ."

ಯಾರೋ ಬೇರೆಯವರ ದನಿ ಅನ್ನಿಸಿತು. ಸಾಧಾರಣ ದನಿ, ಸ್ವಲ್ಪ ಒಡಕು. ಮೇಲೆ ಹೋಗಲಿಲ್ಲ, ನಡುಗಲಿಲ್ಲ, ಹುಟ್ಟಿದ ಕಡೆಯೇ ಹುಟ್ಟಿ ಅಲ್ಲೇ ಮುಗಿಯಿತು. ಇದನ್ನು ಇಟ್ಟುಕೊಂಡು ಇಷ್ಟು ವರ್ಷ ಮೈಕಿನ ಮುಂದೆ ಕೂತಿದ್ದೆನಲ್ಲ ಎಂದು ನಾಚಿಕೆಯಾಯಿತು.

ಚಪ್ಪರದಲ್ಲಿ ಗುಸುಗುಸು ಶುರುವಾಯಿತು. "ಇನ್ನೂ ಎಲೇನೇ ಹಾಕಿಲ್ಲ, ಇವ್ನು ಯಾವಾಗ ತಿಂದ?" ಅಂದರು ಯಾರೋ. ಅಡುಗೆಯವನು ಸೌಟು ಹಿಡಿದುಕೊಂಡೇ ಹೊರಗೆ ಬಂದು, "ಸಾರಿನ ಹಂಡೆಗೆ ಯಾರ್ರೀ ಕೈ ಹಾಕಿದ್ದು?" ಎಂದು ಕೇಳಿದ. ತಾಯಮ್ಮಜ್ಜಿ ಕಣ್ಣು ಬಿಡದೆ ಕೋಲಿನಿಂದ ನೆಲ ಕುಟ್ಟಿದಳು. "ಬರಿಮಾತೇ ಕಣ್ರೋ. ಅರ್ಥ ಕಟ್ಕೊಂಡು ನಮಗೇನು. ಓಲಗ ಊದಿಸಿ" ಅಂದಳು.

ಮಂಗಳಾ ತಲೆಯೆತ್ತಿ ನನ್ನನ್ನು ನೋಡಿದಳು. ಕಣ್ಣು ತುಂಬಿತ್ತು. ಬಾಸಿಂಗ ಸರಿಮಾಡಿಕೊಳ್ಳುವ ನೆಪದಲ್ಲಿ ಒರೆಸಿಕೊಂಡು, "ಸದ್ಯ" ಅಂದಳು, ನನಗೆ ಮಾತ್ರ ಕೇಳಿಸುವಷ್ಟು. ಓಲಗ ಶುರುವಾಯಿತು. ಶಾಂತರಾಜು ತಾಳಿ ಕಟ್ಟಿದ. ಎಲ್ಲರ ಜೊತೆ ನಾನೂ ಅಕ್ಷತೆ ಹಾಕಿದೆ. ನನ್ನದು ಅರ್ಧ ಪುರೋಹಿತರ ತಲೆಯ ಮೇಲೆ ಬಿತ್ತು.

ಊಟಕ್ಕೆ ಮೊದಲ ಪಂಕ್ತಿಯಲ್ಲೇ ಕೂತೆ. ಪಕ್ಕದಲ್ಲಿ ಖಲೀಲ್ ಸಾಹೇಬರು ಕೂತಿದ್ದರು. ಈ ಸಲ ಎಲೆ ಬಿಟ್ಟು ಏಳಲಿಲ್ಲ, ಪಾಯಸವನ್ನು ಎರಡನೇ ಸಲ ಹಾಕಿಸಿಕೊಂಡರು. ನನ್ನ ಎಲೆಗೆ ಅನ್ನ ಬಂತು, ಸಾರು ಬಂತು. ಕಲಸಿ ಬಾಯಿಗಿಟ್ಟೆ. ಅಡುಗೆಯವನು ಯಾರೋ ಕೈಹಾಕಿದ ಗಾಬರಿಯಲ್ಲಿ ಮರೆತಿದ್ದನೋ ಏನೋ, ಉಪ್ಪು ಕಮ್ಮಿಯಿತ್ತು. ಎಲೆಯ ತುದಿಯಲ್ಲಿ ಬಡಿಸಿದ್ದ ಉಪ್ಪಿನಿಂದ ಒಂದು ಚಿಟಿಕೆ ತೆಗೆದು ಕಲಸಿಕೊಂಡು ಉಂಡೆ. ಯಾರಿಗೂ ಹೇಳಲಿಲ್ಲ.